ಗೃಹಬಳಕೆಯ ಕಾಫಿಯಂತ್ರವೂ ಅದರ ಮಾರ್ಪಾಟೂ: ಒಂದು ಐತಿಹಾಸಿಕ ವಿವೇಚನೆ

ಯಂತ್ರಗಳ ಇತಿಹಾಸವನ್ನು ಬರೆಯತಕ್ಕವರು ಸಾಮಾನ್ಯವಾಗಿ ಅವುಗಳನ್ನು ಕಂಡುಹಿಡಿದವರ ಹೆಸರಿನಿಂದಲೂ ಪೇಟೆಂಟಿನ ವರ್ಷದಿಂದಲೂ ಆರಂಭಿಸಿ, ಕಾರ್ಖಾನೆಯ ಬಾಗಿಲಿನಲ್ಲಿಯೇ ತಮ್ಮ ನಿರೂಪಣೆಯನ್ನು ಮುಗಿಸಿಬಿಡುತ್ತಾರೆ. ಆ ಯಂತ್ರವನ್ನು ಕೊಂಡು ಮನೆಗೆ ಒಯ್ದವರು ಅದನ್ನು ಏನು ಮಾಡಿದರೆಂಬ ಪ್ರಶ್ನೆಗೆ ಅಲ್ಲಿ ಅವಕಾಶವಿರುವುದು ವಿರಳ. ಅಡಿಗೆಮನೆಯ ಉಪಕರಣಗಳನ್ನು ಬಳಕೆದಾರರು ತಾವೇ ಬಿಚ್ಚಿ, ಎಲೆಕ್ಟ್ರಾನಿಕ್ ಭಾಗಗಳನ್ನು ಅಳವಡಿಸಿ ತಿದ್ದಿಕೊಂಡ ಸಂಗತಿಯು ಈ ಕೊರತೆಯನ್ನು ಎತ್ತಿ ತೋರಿಸುತ್ತದೆ. ಪ್ರಕೃತ ಲೇಖನದಲ್ಲಿ ಇಟಲಿಯ ಎಸ್ಪ್ರೆಸೊ ಕಾಫಿಯಂತ್ರವನ್ನು ನಿದರ್ಶನವಾಗಿ ಪರಿಶೀಲಿಸಬಯಸುತ್ತೇವೆ. ಭಾರತದ ಕಾಫಿಯ ಬಹುಪಾಲು ಕರ್ನಾಟಕದಲ್ಲಿ ಬೆಳೆಯುವುದರಿಂದಲೂ, ಅದನ್ನು ಕೊಳ್ಳುವ ಮುಖ್ಯ ದೇಶಗಳಲ್ಲಿ ಇಟಲಿಯು ಒಂದಾಗಿರುವುದರಿಂದಲೂ ಈ ನಿದರ್ಶನವು ನಮಗೆ ತೀರ ದೂರದ್ದಲ್ಲ.

ಕಾಫಿಯ ಪುಡಿಯ ಮೂಲಕ ಬಿಸಿನೀರನ್ನು ಒತ್ತಡದಿಂದ ಹಾಯಿಸಿ ಕ್ಷಣಮಾತ್ರದಲ್ಲಿ ಪಾನೀಯವನ್ನು ಪಡೆಯುವುದೇ ಎಸ್ಪ್ರೆಸೊ ವಿಧಾನ. 1884ರಲ್ಲಿ ಟ್ಯೂರಿನ್ ನಗರದ ಆಂಜೆಲೊ ಮೊರಿಯೊಂಡೊ, 1901ರಲ್ಲಿ ಮಿಲಾನಿನ ಲೂಯಿಜಿ ಬೆಜ್ಜೆರಾ ಇವರು ಹಬೆಯ ಒತ್ತಡವನ್ನು ಬಳಸುವ ಯಂತ್ರಗಳನ್ನು ರೂಪಿಸಿದರು. ಅಕಿಲ್ಲೆ ಗಾಜ್ಯಾ ಎರಡನೆಯ ಮಹಾಯುದ್ಧದ ತರುವಾಯ ಸ್ಪ್ರಿಂಗಿನ ಬಲದಿಂದ ಒತ್ತುವ ಸನ್ನೆಯನ್ನು ಬಳಕೆಗೆ ತಂದನು. 1961ರಲ್ಲಿ ಬಂದ ಫಾಯೆಮಾ ಇ-61 ಯಂತ್ರದಲ್ಲಿ ವಿದ್ಯುತ್ ಪಂಪು ಆ ಕಾರ್ಯವನ್ನು ವಹಿಸಿಕೊಂಡಿತು. ಹೀಗೆ ಒತ್ತಡದ ಸಮಸ್ಯೆ ಪರಿಹಾರವಾಯಿತು. ಆದರೆ ಇದೇ ವಿಧಾನವು ಹೋಟೆಲುಗಳಿಂದ ಮನೆಗಳಿಗೆ ಇಳಿದಾಗ ಉಷ್ಣತೆಯ ಸಮಸ್ಯೆಯು ತಲೆದೋರಿತು.

ಮಿಲಾನಿಗೆ ಸಮೀಪದ ಪರಾಬ್ಯಾಗೊ ಎಂಬಲ್ಲಿ 1927ರಲ್ಲಿ ಸ್ಥಾಪಿತವಾದ ರಾಂಚಿಲಿಯೊ ಸಂಸ್ಥೆಯು 1997ರಲ್ಲಿ 'ಸಿಲ್ವಿಯಾ' ಎಂಬ ಗೃಹಬಳಕೆಯ ಯಂತ್ರವನ್ನು ಹೊರತಂದಿತು. ಇದರಲ್ಲಿ ಹಿತ್ತಾಳೆಯ ಚಿಕ್ಕ ಬಾಯ್ಲರೂ ಅದರ ಉಷ್ಣತೆಯನ್ನು ಕಾಯುವ ಥರ್ಮೋಸ್ಟಾಟೂ ಇದ್ದುವು. ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವ ಎರಡು ಲೋಹಗಳ ತಗಡುಗಳನ್ನು ಒಂದಾಗಿ ಬೆಸೆದು ಇಂತಹ ಥರ್ಮೋಸ್ಟಾಟನ್ನು ಮಾಡುತ್ತಾರೆ. ಕಾದಾಗ ತಗಡು ಬಾಗಿ ವಿದ್ಯುತ್ತನ್ನು ಕಡಿಯುತ್ತದೆ. ಸಾಕಷ್ಟು ಆರಿದ ಮೇಲೆ ಪುನಃ ಕೂಡಿಸುತ್ತದೆ. ಆದರೆ ವಿದ್ಯುತ್ತು ನಿಂತ ಬಳಿಕವೂ ಕಾದ ಸುರುಳಿಯ ಶಾಖವು ನೀರಿಗೆ ಹರಿಯುತ್ತಲೇ ಇರುವುದರಿಂದ ಬಾಯ್ಲರಿನ ಉಷ್ಣತೆಯು 10 ಡಿಗ್ರಿಗೂ ಮೀರಿ ಏರಿಳಿಯುತ್ತಿತ್ತು. ಎಸ್ಪ್ರೆಸೊಗೆ ನೀರು ಸುಮಾರು 90ರಿಂದ 96 ಡಿಗ್ರಿ ಸೆಂಟಿಗ್ರೇಡಿನೊಳಗೆ ಇರಬೇಕು. ಹೆಚ್ಚಾದರೆ ಕಾಫಿಯು ಕಹಿಯಾಗುವುದು, ಕಡಿಮೆಯಾದರೆ ಹುಳಿಯಾಗುವುದು. ಆದುದರಿಂದ ಒಂದೇ ಪುಡಿಯಿಂದ ಬೆಳಿಗ್ಗೆ ಒಂದು ರುಚಿ, ಸಂಜೆ ಇನ್ನೊಂದು ರುಚಿ ಬರುತ್ತಿದ್ದಿತು.

ಇದನ್ನು ತಯಾರಕರ ಅಜ್ಞಾನವೆಂದು ಭಾವಿಸುವುದು ಸರಿಯಲ್ಲ. ಲೋಹದ ಥರ್ಮೋಸ್ಟಾಟು ಅಗ್ಗವಾದುದು, ಬಹುಕಾಲ ಬಾಳುವಂಥದು. ಬಳಸುವವರಾದರೋ ಮೊದಲು ಯಂತ್ರವನ್ನು ತಿದ್ದಲಿಲ್ಲ; ತಮ್ಮ ಅಭ್ಯಾಸವನ್ನು ತಿದ್ದಿಕೊಂಡರು. ಕಾಯುತ್ತಿರುವುದನ್ನು ಸೂಚಿಸುವ ದೀಪವು ಆರಿದ ಕ್ಷಣದಿಂದ ಸೆಕೆಂಡುಗಳನ್ನು ಎಣಿಸಿ, ಒಂದಿಷ್ಟು ನೀರನ್ನು ಹೊರಬಿಟ್ಟು, ತಕ್ಕ ಗಳಿಗೆಯನ್ನು ಹಿಡಿಯಲು ಕಲಿತರು.

ಯಂತ್ರವನ್ನೇ ತಿದ್ದುವ ಉಪಾಯವು ದೊರೆತುದು ಅಡಿಗೆಮನೆಗೆ ಸಂಬಂಧವಿಲ್ಲದ ನೌಕಾಯಾನದ ಶಾಸ್ತ್ರದಿಂದ. ರಷ್ಯದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲಸಿದ ನಿಕೊಲಾಸ್ ಮಿನೊರ್ಸ್ಕಿ ಎಂಬ ಎಂಜಿನಿಯರನು ಹಡಗಿನ ಚುಕ್ಕಾಣಿ ಹಿಡಿಯುವವರ ನಡೆಯನ್ನು ಪರಿಶೀಲಿಸಿ 1922ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದನು. ನುರಿತ ನಾವಿಕನು ಹಡಗು ಈಗ ಎಷ್ಟು ದಾರಿ ತಪ್ಪಿದೆಯೆಂಬುದನ್ನು ಮಾತ್ರ ನೋಡುವುದಿಲ್ಲ. ಆ ತಪ್ಪು ಎಷ್ಟು ಕಾಲದಿಂದ ಕೂಡುತ್ತ ಬಂದಿದೆ, ಎಷ್ಟು ವೇಗದಿಂದ ಬದಲಾಗುತ್ತಿದೆ ಎಂಬುದನ್ನೂ ಗಮನಿಸುತ್ತಾನೆ. ಅನುಪಾತ, ಅನುಕಲನ, ಅವಕಲನ ಎಂಬ ಈ ಮೂರರ ಆಧಾರದ ಮೇಲೆ ನಡೆಯುವ ನಿಯಂತ್ರಣಕ್ಕೆ ಪಿ.ಐ.ಡಿ. ಎಂದು ಹೆಸರು. 1942ರಲ್ಲಿ ಜೀಗ್ಲರ್ ಮತ್ತು ನಿಕಲ್ಸ್ ಎಂಬುವರು ಇಂತಹ ನಿಯಂತ್ರಕಗಳನ್ನು ಹದಗೊಳಿಸುವ ಸೂತ್ರಗಳನ್ನು ಕೊಟ್ಟರು. ಮುಂದೆ ಇವು ಕಾರ್ಖಾನೆಗಳ ಕುಲುಮೆಗಳಲ್ಲಿ ಸಾಮಾನ್ಯವಾದುವು. ಅಂಗೈಯಲ್ಲಿ ಹಿಡಿಯುವಷ್ಟು ಕಿರಿದೂ ಆದುವು.

21ನೆಯ ಶತಮಾನದ ಆರಂಭದ ವರ್ಷಗಳಲ್ಲಿ ಕೆಲವು ಹವ್ಯಾಸಿಗಳು ಈ ನಿಯಂತ್ರಕವನ್ನು ಸಿಲ್ವಿಯಾಕ್ಕೆ ಜೋಡಿಸಿದರು. ಬಾಯ್ಲರಿನ ಮೈಗೆ ಉಷ್ಣತೆಯನ್ನು ಅಳೆಯುವ ಸಂವೇದಕವನ್ನು ಬಿಗಿದು, ಸುರುಳಿಗೆ ಹೋಗುವ ವಿದ್ಯುತ್ತನ್ನು ಚಲಿಸುವ ಭಾಗಗಳಿಲ್ಲದ ರಿಲೇಯೊಂದರ ಮೂಲಕ ಹಾಯಿಸಿದರು. ಗುರಿಯು ಸಮೀಪಿಸಿದಂತೆ ನಿಯಂತ್ರಕವು ವಿದ್ಯುತ್ತನ್ನು ಸಣ್ಣ ಸಣ್ಣ ಕಂತುಗಳಲ್ಲಿ ಕೊಡುವುದರಿಂದ ಉಷ್ಣತೆಯು ಬಹುಮಟ್ಟಿಗೆ ಸ್ಥಿರವಾಗಿ ನಿಂತಿತು. 2005ರಲ್ಲಿ ಇಟಲಿಯ ಇವ್ರೆಯಾ ಪಟ್ಟಣದಲ್ಲಿ ಆರ್ದುಯಿನೊ ಎಂಬ ಅಗ್ಗದ ನಿಯಂತ್ರಣಫಲಕವು ಹುಟ್ಟಿಕೊಂಡ ಮೇಲೆ, ಸಿದ್ಧ ನಿಯಂತ್ರಕವನ್ನು ಕೊಳ್ಳುವ ಬದಲು ಅದರ ಲೆಕ್ಕವನ್ನು ತಾವೇ ಬರೆದುಕೊಳ್ಳುವುದೂ ಸಾಧ್ಯವಾಯಿತು. ಈ ಫಲಕದ ಹೆಸರು ಆ ಊರಿನ ಒಂದು ಪಾನಗೃಹದ್ದು. ಪಾನಗೃಹದ ಹೆಸರೋ, 1002ರಲ್ಲಿ ಇಟಲಿಯ ಅರಸನಾದ ಆರ್ದುಯಿನನದು.

ಈ ಕಾರ್ಯವು ನಿರಪಾಯಕರವಲ್ಲವೆಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು. ನೀರೂ ಮನೆಯ ವಿದ್ಯುತ್ತೂ ಒಂದೇ ಪೆಟ್ಟಿಗೆಯಲ್ಲಿರುವಾಗ ಸಡಿಲವಾದ ಒಂದು ತಂತಿಯೂ ಪ್ರಾಣಾಂತಿಕವಾದೀತು. ಇದಲ್ಲದೆ ಮೇಲೆ ಹೇಳಿದ ರಿಲೇಯು ಕೆಟ್ಟಾಗ ಅನೇಕ ವೇಳೆ ವಿದ್ಯುತ್ತನ್ನು ಕಡಿಯದೆ ಸತತವಾಗಿ ಹರಿಯಬಿಡುತ್ತದೆ. ಆದಕಾರಣ ವಿವೇಕಿಗಳು ಕಾರ್ಖಾನೆಯವರು ಇಟ್ಟ, ಅತಿಯಾಗಿ ಕಾದಾಗ ವಿದ್ಯುತ್ತನ್ನು ಕಡಿಯುವ ರಕ್ಷಣಾಭಾಗವನ್ನು ಎಂದಿಗೂ ತೆಗೆಯುವುದಿಲ್ಲ. ತಿದ್ದಿದ ಯಂತ್ರವೊಂದನ್ನು ಬಿಚ್ಚಿ ನೋಡಿದರೆ ಆ ಭಾಗವು ಉಳಿದಿದೆಯೇ, ಹಳೆಯ ತಂತಿಗಳ ತುದಿಗಳನ್ನು ಜೋಪಾನವಾಗಿ ಮುಚ್ಚಿದೆಯೇ ಎಂಬುದರಿಂದಲೇ ತಿದ್ದಿದವರ ತಿಳಿವಳಿಕೆಯನ್ನು ಅಳೆಯಬಹುದು.

2020ರ ಹೊತ್ತಿಗೆ ಮಾರುಕಟ್ಟೆಗೆ ಬಂದ 'ಸಿಲ್ವಿಯಾ ಪ್ರೊ' ಯಂತ್ರದಲ್ಲಿ ತಯಾರಕರೇ ಪಿ.ಐ.ಡಿ.ಯನ್ನು ಅಳವಡಿಸಿದ್ದರು. ಹವ್ಯಾಸಿಗಳ ತಿದ್ದುಪಾಟೇ ಇದಕ್ಕೆ ಏಕೈಕ ಕಾರಣವೆಂದು ನಾವು ವಾದಿಸುವುದಿಲ್ಲ. ಆದರೆ ಅದೇ ಮಾದರಿಯ ಯಂತ್ರದಲ್ಲಿ ಮನೆಯವರ ಕೈಕೆಲಸವು ಕಾರ್ಖಾನೆಗಿಂತ ಮೊದಲು ಬಂದುದು ನಿರ್ವಿವಾದ. ಕೇವಲ ತಯಾರಕರ ಕಾಗದಪತ್ರಗಳನ್ನು ನೋಡಿ ಬರೆದ ಇತಿಹಾಸದಲ್ಲಿ ಈ ನಡುವಣ ಇಪ್ಪತ್ತು ವರ್ಷಗಳು ಕಾಣಸಿಗಲಾರವು.

ಇಲ್ಲಿಯೇ ಆತಂಕಕ್ಕೆ ಕಾರಣವಿದೆ. ಪುರಾತನ ವಸ್ತುವನ್ನು ಅದರ ಮೂಲರೂಪಕ್ಕೆ ತರುವುದೇ ಸಂರಕ್ಷಣೆಯೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ತಿದ್ದಿದ ಯಂತ್ರವು ನಾಳೆ ವಸ್ತುಸಂಗ್ರಹಾಲಯಕ್ಕೆ ಬಂದಾಗ, ಹೆಚ್ಚಿನ ತಂತಿಗಳನ್ನು ಕಿತ್ತು ಹಳೆಯ ಥರ್ಮೋಸ್ಟಾಟನ್ನು ಮರಳಿ ಕೂಡಿಸುವವರು ತಾವು ಉಪಕಾರ ಮಾಡಿದೆವೆಂದೇ ತಿಳಿಯುವರು. ವಾಸ್ತವದಲ್ಲಿ ಅವರು ಅಳಿಸಿದುದು ಅಲ್ಲಿದ್ದ ಏಕಮಾತ್ರ ಲಿಖಿತವನ್ನು. ಏಕೆಂದರೆ ತಿದ್ದಿದವರು ಬೇರೆ ಬರಹವನ್ನು ಬಿಟ್ಟುಹೋಗುವುದು ಅಪರೂಪ. ಶಾಸನದ ಕಲ್ಲಿನ ಮೇಲೆ ತರುವಾಯದವರು ಕೆತ್ತಿದ ಸಾಲುಗಳನ್ನು ನಾವು ಉಜ್ಜಿ ತೆಗೆಯುವುದಿಲ್ಲ, ಅವನ್ನೂ ಓದುತ್ತೇವೆ. ತಿದ್ದಿದ ಉಪಕರಣವೊಂದು ಕೈಗೆ ಬಂದಾಗಲೂ ಅದನ್ನು ಸರಿಪಡಿಸುವ ಮೊದಲು ಚಿತ್ರವನ್ನು ತೆಗೆದು, ತಂತಿಗಳ ದಾರಿಯನ್ನು ಗುರುತಿಸಿ, ಯಾರು, ಎಂದು, ಯಾವ ಕೊರತೆಯನ್ನು ನೀಗಲು ಹೀಗೆ ಮಾಡಿದರೆಂಬುದನ್ನು ವಿಚಾರಿಸಿ ಬರೆದಿಡುವುದು ಇತಿಹಾಸದ ವಿದ್ಯಾರ್ಥಿಗಳ ಕರ್ತವ್ಯವೆಂದು ನಾವು ಭಾವಿಸುತ್ತೇವೆ.