ಬೀಗ ಗಟ್ಟಿಯಿದೆ, ಕೊಂಡಿ ನೋಡಿದಿರಾ?

ಮಸಿನಗುಡಿಯಲ್ಲಿ ಬಾಗಿಲು ಕೂರಿಸುವ ಕೆಲಸ ನನ್ನದು. ಮೂಲ ಗುಂಡ್ಲುಪೇಟೆ ಕಡೆ. ಗೂಡಲೂರು, ಊಟಿ, ಕೋತಗಿರಿ, ಎಲ್ಲಿಂದ ಕರೆ ಬಂದರೂ ಹೋಗುತ್ತೇನೆ. ಜನಕ್ಕೆ ನನ್ನ ನೆನಪಾಗುವುದು ಎರಡೇ ಹೊತ್ತಿನಲ್ಲಿ: ಗೃಹಪ್ರವೇಶಕ್ಕೆ ಮುಂಚೆ, ಇಲ್ಲವೇ ಕಳ್ಳರು ಬಂದು ಹೋದ ಮೇಲೆ.

ಕಳವಾದ ಮನೆಯಲ್ಲಿ ಬೀಗ ಒಡೆದಿರುವುದನ್ನು ನಾನು ಕಂಡದ್ದು ಕಡಿಮೆ. ದುಬಾರಿ ಬೀಗ ಹಾಕಿದ್ದು ಹಾಕಿದಂತೆಯೇ, ಕೊಂಡಿಯ ಸಮೇತ ಜಗಲಿಯ ಮೇಲೆ ಬಿದ್ದಿರುತ್ತದೆ. ಕಿತ್ತು ಬಂದದ್ದು ಕೊಂಡಿಯನ್ನು ಹಿಡಿದಿದ್ದ ಮುಕ್ಕಾಲಿಂಚಿನ ಸ್ಕ್ರೂ. ಆದರೂ ಮನೆಯವರು ಕೇಳುವುದು, "ಆಚಾರ್ರೇ, ಇದಕ್ಕಿಂತ ದೊಡ್ಡ ಬೀಗ ಯಾವುದಿದೆ?" ನಾನು ಹೇಳುವುದು, "ಸಾರ್, ಬೀಗದ ದುಡ್ಡು ಉಳಿಸಿಕೊಳ್ಳಿ. ನಾಲ್ಕು ಬೋಲ್ಟು ತಂದುಕೊಡಿ." ಬಾಗಿಲಿಗೆ ಆರಪಾರ ತೂತು ಕೊರೆದು, ಹೊರಗಿನಿಂದ ಗುಂಡುತಲೆಯ ಬೋಲ್ಟು ತೂರಿಸಿ, ಒಳಗೆ ವಾಷರ್ ಕೊಟ್ಟು ನಟ್ ಬಿಗಿಯಬೇಕು. ಹೊರಗಡೆ ಸ್ಕ್ರೂಡ್ರೈವರಿಗಾಗಲಿ ಸ್ಪ್ಯಾನರಿಗಾಗಲಿ ಹಿಡಿತ ಸಿಗಬಾರದು. ಬಾಗಿಲು ಹೊರಕ್ಕೆ ತೆರೆಯುವಂಥದ್ದಾದರೆ ಕೀಲುಗಳೂ ಹೊರಗೇ ಇರುತ್ತವೆ. ಕೀಲಿನ ಪಿನ್ನು ತಟ್ಟಿ ತೆಗೆದರೆ ಬೀಗದ ಗೊಡವೆಯೇ ಇಲ್ಲ.

ನಮ್ಮ ಬೆಟ್ಟದ ಹವೆಯೂ ಕಳ್ಳನ ಕಡೆಗೇ ಇದೆ. ಜೂನ್‌ನಿಂದ ಗೂಡಲೂರಿನಲ್ಲಿ ಮಳೆ ಹಿಡಿಯಿತೆಂದರೆ ಮರ ನೀರು ಕುಡಿದು ಉಬ್ಬುತ್ತದೆ, ಬಾಗಿಲು ಮುಚ್ಚುವುದಿಲ್ಲ. ಆಗ ಕರೆಸಿ, "ಸ್ವಲ್ಪ ಹತ್ತರಿ ಹೊಡೆದುಕೊಡಿ" ಅನ್ನುತ್ತಾರೆ. ಹೊಡೆದರೆ ಬೇಸಿಗೆಯಲ್ಲಿ ಅದೇ ಬಾಗಿಲು ಒಣಗಿ, ಬೆರಳು ತೂರುವಷ್ಟು ಸಂದು ಬಿಡುತ್ತದೆ. ಕಬ್ಬಿಣದ ಸಲಾಕೆಗೆ ಅಷ್ಟು ಸಾಕು. ಆದ್ದರಿಂದ ಮಳೆಗಾಲದಲ್ಲಿ ನಾನು ಅಂಚನ್ನು ತುಸುವೇ ಸವರುತ್ತೇನೆ. ಸಂದು ಬಿಟ್ಟಿದ್ದರೆ ಚೌಕಟ್ಟಿನ ಉದ್ದಕ್ಕೂ ಪಟ್ಟಿ ಹೊಡೆಯುತ್ತೇನೆ. ಇನ್ನು ಮುಂಬಾಗಿಲಿಗೆ ತೇಗ ತರಿಸುವವರು ಅಡುಗೆಮನೆಯ ಹಿಂಬಾಗಿಲಿಗೆ ಎಸ್ಟೇಟಿನ ಸಿಲ್ವರ್ ಓಕ್ ಹಲಗೆ ಸಾಕು ಅನ್ನುತ್ತಾರೆ. ಮುಂಬಾಗಿಲು ನೆಂಟರಿಗೆ ತೋರಿಸಲಿಕ್ಕೆ ಸರಿ, ಕಳ್ಳ ಬರುವುದು ಹಿಂದಿನಿಂದ.

ಆದರೆ ಮರ, ಕಬ್ಬಿಣದ್ದು ಆಮೇಲಿನ ಮಾತು. ಮನೆ ಒಡೆಯುವುದಕ್ಕೆ ಮೊದಲು ಬೇಕಾದದ್ದು ಸುಳಿವು. ಕೋತಗಿರಿ ಹತ್ತಿರದ ಕೊಡನಾಡು ಎಸ್ಟೇಟನ್ನೇ ನೋಡಿ. ಸುಮಾರು 900 ಎಕರೆ ಟೀ ತೋಟ, ಹಲವು ಗೇಟು, ಕಾವಲುಗಾರರು. ಜಯಲಲಿತಾ ಬೇಸಿಗೆಯಲ್ಲಿ ಬಂದು ಇರುತ್ತಿದ್ದ ಬಂಗಲೆ ಅದು. ಅವರು ತೀರಿಕೊಂಡದ್ದು 2016ರ ಡಿಸೆಂಬರ್ 5ರಂದು. 2017ರ ಏಪ್ರಿಲ್ 23ರ ರಾತ್ರಿ ಕಳೆದು 24ರ ಬೆಳಗಾಗುವಷ್ಟರಲ್ಲಿ ಒಂದು ಗುಂಪು ಒಳನುಗ್ಗಿ ಒಬ್ಬ ಕಾವಲುಗಾರನನ್ನು ಕೊಂದು, ಇನ್ನೊಬ್ಬನನ್ನು ಗಾಯಗೊಳಿಸಿತು. ಸಂಚಿನ ಮುಖ್ಯ ಆರೋಪಿಯೆಂದು ಪೊಲೀಸರು ಹೆಸರಿಸಿದ್ದು ಜಯಲಲಿತಾ ಅವರಲ್ಲಿ ಹಿಂದೆ ಡ್ರೈವರ್ ಆಗಿದ್ದವನನ್ನು. ಕೆಲವೇ ದಿನಗಳಲ್ಲಿ ಅವನು ರಸ್ತೆ ಅಪಘಾತದಲ್ಲಿ ಸತ್ತ. ಪ್ರಕರಣ 2022ರಲ್ಲಿ ಸಿಬಿ-ಸಿಐಡಿ ಕೈಗೆ ಹೋಯಿತು. ಅದರ ರಾಜಕೀಯ ನನಗೆ ಬೇಡ. ನಾನು ನೋಡುವುದು ಇಷ್ಟು: ಅಷ್ಟು ದೊಡ್ಡ ಬಂಗಲೆಗೂ, ಒಡತಿ ಇಲ್ಲವೆಂದು ಊರಿಗೆಲ್ಲ ಗೊತ್ತಾದ ಮೇಲೆಯೇ ಕೇಡು ಬಂತು.

ಕಾಡಿನ ಕಳ್ಳನದೂ ಇದೇ ಲೆಕ್ಕ. ಪಂದಲೂರು, ಗೂಡಲೂರು ಕಡೆ ಅಕ್ಕಿಗಾಗಿ ಮನೆ ಮೇಲೆ ಮನೆ ಒಡೆಯುತ್ತಿದ್ದ ದಂತವಿಲ್ಲದ ಗಂಡಾನೆಯೊಂದಿತ್ತು. ಅರಣ್ಯ ಇಲಾಖೆಯ ಲೆಕ್ಕದಲ್ಲಿ ಅದು ಪಿಎಂ-2, ಜನರ ಬಾಯಲ್ಲಿ ಅರಿಸಿ ರಾಜಾ. 2022ರ ಡಿಸೆಂಬರಿನಲ್ಲಿ ಹಿಡಿದು ರೇಡಿಯೋ ಕಾಲರ್ ಕಟ್ಟಿ ಮುದುಮಲೆ ಕಾಡಿಗೆ ಬಿಟ್ಟರು. ಜನವರಿಯಲ್ಲಿ ಅದು ಕೇರಳದ ಸುಲ್ತಾನ್ ಬತ್ತೇರಿ ಪೇಟೆಯಲ್ಲಿತ್ತು! ಕೊನೆಗೆ ಮುತ್ತಂಗದ ಕ್ರಾಲ್, ಅಂದರೆ ಆನೆ ಪಳಗಿಸುವ ಮರದ ದೊಡ್ಡಿ, ಸೇರಿತು. ಅದರ ಮುಂದೆ ನನ್ನ ಬೋಲ್ಟು, ನಟ್ಟು ಯಾವ ಲೆಕ್ಕ? ಆನೆಗೆ ಸುಳಿವೆಂದರೆ ವಾಸನೆ. ಅಕ್ಕಿಯನ್ನು ಬಾಯಿ ಬಿಗಿಯಾದ ಡ್ರಮ್ಮಿನಲ್ಲಿಡಿ, ಕಳಿತ ಹಲಸನ್ನು ಮನೆಯೊಳಗೆ ಇಡಬೇಡಿ. ಕೋತಗಿರಿ, ಕೂನೂರಿನಲ್ಲಿ ಕರಡಿ ದೇವಸ್ಥಾನಕ್ಕೆ ನುಗ್ಗುವುದೂ ದೀಪದ ಎಣ್ಣೆಗಾಗಿಯೇ. ನಮ್ಮ ಬೆಟ್ಟದ ಬುಡಕಟ್ಟಿನವರಾದ ತೋಡರ ಹಳೆಯ ಮನೆಗಳ ಬಾಗಿಲು ಮೂರಡಿ ಎತ್ತರವೂ ಇರುವುದಿಲ್ಲ, ತೆವಳಿಕೊಂಡೇ ಒಳಗೆ ಹೋಗಬೇಕು. ಚಳಿಗೂ ಕಾಡುಮೃಗಕ್ಕೂ ಅದೇ ಮದ್ದು. ನನಗಿಂತ ಜಾಣ ಬಡಗಿಗಳು ಅವರು.

ಮನುಷ್ಯರಿಗೆ ಮಾತ್ರ ಸುಳಿವನ್ನು ನಾವೇ ಕೊಡುತ್ತೇವೆ. ಹೊರಗೆ ನೇತಾಡುವ ಬೀಗವೇ "ಒಳಗೆ ಯಾರೂ ಇಲ್ಲ" ಎಂಬ ಬೋರ್ಡು. ಅದಕ್ಕೇ ಬಾಗಿಲಿನೊಳಗೇ ಕೂರುವ ಡೋರ್ ಲಾಕ್ ಹಾಕಿಸಿ ಅನ್ನುವುದು. ಬೊಕ್ಕಾಪುರದ ಮಾರಿಯಮ್ಮನ ಜಾತ್ರೆಗೋ ಬೇರಗಣಿಯ ಹೆತ್ತೆ ಹಬ್ಬಕ್ಕೋ ಮನೆಮಂದಿಯೆಲ್ಲ ಹೊರಟರೆ, ಫೋಟೋವನ್ನು ವಾಪಸು ಬಂದ ಮೇಲೆ ಸ್ಟೇಟಸ್‌ಗೆ ಹಾಕಿದರೆ ದೇವರೇನೂ ಮುನಿಯುವುದಿಲ್ಲ. ಬೆಂಗಳೂರು, ಕೊಯಮತ್ತೂರಿನವರ ಕಾಟೇಜುಗಳು ಮೇ ತಿಂಗಳು ಬಿಟ್ಟರೆ ಖಾಲಿ; ಅಂಗಳದ ಹುಲ್ಲೇ ಹೇಳಿಬಿಡುತ್ತದೆ. ಪಕ್ಕದ ಮನೆಯವರಿಗೆ ಹುಲ್ಲು ಕೊಯ್ಯಲು, ಸಂಜೆ ಲೈಟು ಹಾಕಲು ಹೇಳಿ, ನಂಬರು ಕೊಟ್ಟು ಹೋಗಿ. ಠಾಣೆಗೂ ತಿಳಿಸಿ, ರಾತ್ರಿ ಗಸ್ತಿನವರು ಒಂದು ಕಣ್ಣಿಟ್ಟಿರುತ್ತಾರೆ. ಕ್ಯಾಮೆರಾ ಬೇಡ ಅನ್ನುವುದಿಲ್ಲ. ಆದರೆ ಮಂಜಿನಲ್ಲಿ ಅದಕ್ಕೆ ಏನೂ ಕಾಣುವುದಿಲ್ಲ, ಕರೆಂಟು ಹೋದಾಗ ಬ್ಯಾಟರಿ ಇಲ್ಲದಿದ್ದರೆ ಅದೂ ನಿದ್ದೆ ಮಾಡುತ್ತದೆ. ರೆಕಾರ್ಡಿಂಗ್ ಪೆಟ್ಟಿಗೆಯನ್ನು ಟಿವಿ ಪಕ್ಕದಲ್ಲಿಟ್ಟರೆ ಟಿವಿಯ ಜೊತೆಗೆ ಅದೂ ಹೋಗುತ್ತದೆ.

ಒಂದು ವೇಳೆ ವಾಪಸು ಬಂದಾಗ ಬಾಗಿಲು ಒಡೆದಿದ್ದು ಕಂಡರೆ ಒಳಗೆ ಕಾಲಿಡಬೇಡಿ. ಒಳಗಿರುವುದು ಕಳ್ಳನೋ ಕರಡಿಯೋ ಗೊತ್ತಿಲ್ಲ. ಕೊಂಡಿ, ಚಿಲಕ, ಬೀರು ಯಾವುದನ್ನೂ ಮುಟ್ಟದೆ ದೂರ ನಿಂತು 112ಕ್ಕೆ ಫೋನ್ ಮಾಡಿ. ಬೆರಳಚ್ಚಿನವರು ಬಂದು ಹೋಗಲಿ. ನನ್ನಂಥವರನ್ನು ಆಮೇಲೆ ಕರೆಯಿರಿ.