ಆರಡಿ ಮೀರಿದವರ ಮಂಡಿಗೆ ಎಂಟು ಸೆಂಟಿಮೀಟರ್

1996ರಲ್ಲಿ ಹುಟ್ಟಿದ ಭಾರತದ ಗಂಡಸರ ಸರಾಸರಿ ಎತ್ತರ ಸುಮಾರು 165 ಸೆಂಟಿಮೀಟರ್. ಮಲೆನಾಡಿನ ಮನೆಮನೆಯ ಅಂಗಳದಲ್ಲಿ ನಿಂತಿರುವ ಹೀರೋ ಸ್ಪ್ಲೆಂಡರ್‌ನ ಸೀಟು ನೆಲದಿಂದ 785 ಮಿಲಿಮೀಟರ್. ಈ ಎರಡು ಅಂಕಿಗಳು ಒಂದಕ್ಕೊಂದು ಹೊಂದುತ್ತವೆ. ಆದರೆ 6 ಅಡಿ 2 ಇಂಚಿನ, ಅಂದರೆ 188 ಸೆಂ.ಮೀ. ಎತ್ತರದ ಹುಡುಗ ಅದೇ ಸೀಟಿನ ಮೇಲೆ ಕೂತು ಸಾಗರದಿಂದ ಶಿವಮೊಗ್ಗಕ್ಕೆ 72 ಕಿ.ಮೀ. ಹೋಗಿ ಇಳಿದರೆ, ಮೊದಲ ನಾಲ್ಕು ಹೆಜ್ಜೆ ಮಂಡಿ ಹಿಡಿದುಕೊಂಡೇ ಇಡುತ್ತಾನೆ. ಇದು ವಯಸ್ಸಿನ ನೋವಲ್ಲ, ಅಳತೆಯ ನೋವು. ಅಳತೆಯದ್ದಾದ್ದರಿಂದ ಲೆಕ್ಕ ಹಾಕಬಹುದು, ಬಹುಮಟ್ಟಿಗೆ ಸರಿಪಡಿಸಲೂಬಹುದು.

ದೇಹಮಾಪನದಲ್ಲಿ ರೂಢಿಯಲ್ಲಿರುವ ಅನುಪಾತದಂತೆ ಸೊಂಟದ ಕೀಲಿನಿಂದ ಮಂಡಿಯವರೆಗೆ, ಮಂಡಿಯಿಂದ ಪಾದದ ಗಿಣ್ಣಿನವರೆಗೆ ತಲಾ ನಮ್ಮ ಎತ್ತರದ ಹತ್ತಿರ ಹತ್ತಿರ ಕಾಲು ಭಾಗ, ಸರಿಯಾಗಿ ಹೇಳಬೇಕೆಂದರೆ ಶೇ. 24.5ರಷ್ಟು ಇರುತ್ತದೆ. 165 ಸೆಂ.ಮೀ. ಆಳಿಗೆ ಎರಡೂ ತಲಾ 40.5 ಸೆಂ.ಮೀ., 188ರವನಿಗೆ ತಲಾ 46. ಗಾಡಿಯ ಮೇಲೆ ಕೂತು ಫುಟ್‌ರೆಸ್ಟ್ ಮೇಲೆ ಕಾಲಿಟ್ಟಾಗ ಸೊಂಟದ ಕೀಲಿನಿಂದ ಗಿಣ್ಣಿಗೆ ನೇರ ದೂರ 60 ಸೆಂ.ಮೀ. ಎಂದು ಹಿಡಿಯೋಣ. ಗಿಡ್ಡ ಆಳಿನ ಮಂಡಿ 96 ಡಿಗ್ರಿಗೆ ಮಡಚುತ್ತದೆ, ಎತ್ತರದವನದು 81ಕ್ಕೆ. ಬಿಗಿಯಾಗಿ ಮಡಚಿದ ಮಂಡಿಯಲ್ಲಿ ಚಿಪ್ಪಿನ ಹಿಂದೆ ಒತ್ತಡ ಬೀಳುತ್ತದೆ. ಒಂದೂವರೆ ಗಂಟೆ ಹಾಗೇ ಕೂತರೆ ನೋಯದೆ ಇರುವುದಿಲ್ಲ.

188ರವನಿಗೂ 96 ಡಿಗ್ರಿ ಸಿಗಬೇಕಾದರೆ ಆ 60 ಸೆಂ.ಮೀ. 68 ಆಗಬೇಕು. ಬೇಕಾದದ್ದು 8 ಸೆಂ.ಮೀ. ಒಂದು ಸೆಂ.ಮೀ. ಹೆಚ್ಚಿದರೆ ಮಂಡಿಗೆ ಸಿಗುವುದು ಒಂದೂವರೆ ಡಿಗ್ರಿಗಿಂತ ತುಸು ಹೆಚ್ಚು. ಈ 8 ಸೆಂ.ಮೀ. ಅನ್ನು ಎಲ್ಲಿಂದ, ಎಷ್ಟು ದುಡ್ಡಿಗೆ ತರುವುದು ಎಂಬುದೇ ಮುಂದಿನ ಲೆಕ್ಕ.

ಫುಟ್‌ರೆಸ್ಟ್ ಇಳಿಸುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ಕಂಪನಿಯೇ ಇದನ್ನು ಮಾಡಿದ ಉದಾಹರಣೆಯಿದೆ: 2023ರ ಹೀರೋ ಎಕ್ಸ್‌ಪಲ್ಸ್ 200 4ವಿ ಗಾಡಿಯಲ್ಲಿ ಫುಟ್‌ಪೆಗ್ ಅನ್ನು 35 ಮಿ.ಮೀ. ಕೆಳಗಿಳಿಸಿ, 8 ಮಿ.ಮೀ. ಹಿಂದಕ್ಕೆ ಸರಿಸಿದರು. ಬಜಾರಿನಲ್ಲಿ ಸಿಗುವ ಬ್ರ್ಯಾಕೆಟ್‌ಗಳೂ ಹೆಚ್ಚುಕಡಿಮೆ 25ರಿಂದ 40 ಮಿ.ಮೀ. ಇಳಿಸುವಂಥವು. ಆದರೆ 35 ಮಿ.ಮೀ. ಇಳಿಸಿದರೆ ಕಾಲಿಗೆ 35 ಸಿಗುವುದಿಲ್ಲ. ಕಾಲು ನೇರ ಕೆಳಗಲ್ಲ, ಮುಂದಕ್ಕೆ ಓರೆಯಾಗಿ ಇಳಿದಿರುತ್ತದೆ. ಓರೆ 30 ಡಿಗ್ರಿ ಇದ್ದರೆ ಸಿಗುವುದು 30 ಮಿ.ಮೀ. ಮಾತ್ರ. 8 ಮಿ.ಮೀ. ಹಿಂದಕ್ಕೂ ಹೋದರೆ ಇನ್ನೂ 4 ಕಳೆಯಬೇಕು, ಉಳಿದದ್ದು 26. ಮಂಡಿಗೆ ನಾಲ್ಕು ಡಿಗ್ರಿ ಚಿಲ್ಲರೆ. ನೆಮ್ಮದಿಯೇನೋ ಹೌದು, ಬೇಕಾದ ಎಂಟರಲ್ಲಿ ಮೂರನೇ ಒಂದು ಪಾಲು.

ಇದಕ್ಕೆ ಹೋಗುವ ಕಬ್ಬಿಣವಾದರೂ ಎಷ್ಟು? 8 ಮಿ.ಮೀ. ದಪ್ಪದ, 10 ಸೆಂ.ಮೀ. ಉದ್ದ, 4 ಸೆಂ.ಮೀ. ಅಗಲದ ಪಟ್ಟಿ 250 ಗ್ರಾಂ ತೂಗುತ್ತದೆ. ಎರಡೂ ಕಡೆಗೆ ಸೇರಿ ಅರ್ಧ ಕೆ.ಜಿ. ಗುಜರಿ ಅಂಗಡಿಯಲ್ಲಿ ಅದರ ಬೆಲೆ ಒಂದು ಮಸಾಲೆ ದೋಸೆಯದ್ದಕ್ಕಿಂತ ಕಡಿಮೆ. ಅದೇ ಬ್ರ್ಯಾಕೆಟ್ ಜೋಡಿ ಆಯಾ ಗಾಡಿಗೆಂದು ತಯಾರಾಗಿ ಕೊರಿಯರ್‌ನಲ್ಲಿ ತೀರ್ಥಹಳ್ಳಿಗೆ ಬರುವಾಗ ಅಂದಾಜು 1,500ರಿಂದ 3,500 ರೂಪಾಯಿ ಆಗುತ್ತದೆ. ಈ ಅಂತರ ಕಂಡವರು ನೇರ ವೆಲ್ಡಿಂಗ್ ಶಾಪಿಗೆ ಹೋಗುತ್ತಾರೆ. 300–500 ರೂಪಾಯಿಗೆ ಕೆಲಸ ಮುಗಿಯುತ್ತದೆ.

ಅದು ಬೇಡ. 85 ಕೆ.ಜಿ. ಆಳು ಗುಂಡಿ ಬಂತೆಂದು ಫುಟ್‌ರೆಸ್ಟ್ ಮೇಲೆ ಎದ್ದು ನಿಂತರೆ ಒಂದೊಂದು ಕಾಲಿನ ಕೆಳಗೆ 42 ಕೆ.ಜಿ. ಗುಂಡಿಗೆ ಇಳಿದು ಏರುವ ಹೊಡೆತ ಅದನ್ನು ಮೂರು ಪಟ್ಟು ಮಾಡಿತು ಎಂದು ಹಿಡಿದರೆ ಸುಮಾರು 125 ಕೆ.ಜಿ. ಅಷ್ಟೂ ಭಾರ ನಾಲ್ಕು ಸೆಂ.ಮೀ. ಅಗಲದ ಪಟ್ಟಿಯ ತುದಿಯಲ್ಲಿ. ಇಷ್ಟನ್ನು ಹಗಲೂ ರಾತ್ರಿ ಹೊರಬೇಕಾದ ವೆಲ್ಡಿಂಗ್ ಗೆರೆ ಹೊರಗೆ ನುಣುಪಾಗಿ ಕಂಡರೂ ಒಳಗೆ ಬೆಸೆದಿದೆಯೇ ಎಂದು ಕಣ್ಣಲ್ಲಿ ಹೇಳಲಾಗದು. ಇನ್ನು ಅಲ್ಯೂಮಿನಿಯಂ ಎರಕದ ಬ್ರ್ಯಾಕೆಟ್ ಇರುವ ಗಾಡಿಗಳಿಗೆ ಸಾಮಾನ್ಯ ಆರ್ಕ್ ವೆಲ್ಡಿಂಗ್ ನಡೆಯುವುದೇ ಇಲ್ಲ. ಮತ್ತೊಂದು ಮಾತು: ಫುಟ್‌ರೆಸ್ಟ್ ನೆಲಕ್ಕೆ ತಾಗಿದರೆ ಮೇಲಕ್ಕೆ ಮಡಚಿಕೊಳ್ಳಬೇಕು. ವೆಲ್ಡ್ ಮಾಡಿ ಗಟ್ಟಿ ನಿಲ್ಲಿಸಿದ್ದು ಮಡಚುವುದಿಲ್ಲ, ಗಾಡಿಯನ್ನೇ ಎತ್ತಿ ಹಾಕುತ್ತದೆ.

ಬೋಲ್ಟ್ ಹಾಕುವ ಬ್ರ್ಯಾಕೆಟ್ ಆದರೆ 8 ಮಿ.ಮೀ. ಬೋಲ್ಟ್, ತಲೆಯ ಮೇಲೆ 8.8 ಎಂದು ಅಚ್ಚಾಗಿರಬೇಕು. ಬಿಗಿತ 22ರಿಂದ 25 ನ್ಯೂಟನ್ ಮೀಟರ್. ಟಾರ್ಕ್ ಪಾನಾ ಇರುವ ಗ್ಯಾರೇಜನ್ನೇ ಹುಡುಕಿ. ಮೊದಲ ನೂರು ಕಿ.ಮೀ. ಓಡಿಸಿದ ಮೇಲೆ ಮತ್ತೊಮ್ಮೆ ಬಿಗಿಸಬೇಕು.

ಇಲ್ಲಿಯವರೆಗಿನದು ಯಾವ ಊರಿಗಾದರೂ ಅನ್ವಯಿಸುವ ಲೆಕ್ಕ. ನಮ್ಮ ಮಲೆನಾಡಿನ ರಸ್ತೆಗೆ ಬಂದಾಗ ಬೇರೆ ಲೆಕ್ಕ ಶುರುವಾಗುತ್ತದೆ. ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳು. ಹೊಸನಗರದ ಕಡೆಯಿಂದ ಕುಂದಾಪುರಕ್ಕೆ ಇಳಿಯುವ ಹುಲಿಕಲ್ ಘಾಟಿಯೂ ಅದೇ ಜಾತಿಯದು. ಫುಟ್‌ರೆಸ್ಟ್‌ನ ತುದಿ ನೆಲದಿಂದ 30 ಸೆಂ.ಮೀ. ಎತ್ತರದಲ್ಲಿ, ಗಾಡಿಯ ನಡುಗೆರೆಯಿಂದ 36 ಸೆಂ.ಮೀ. ಆಚೆ ಇದೆ ಎನ್ನೋಣ. ಹಿಂದೆ ಒಬ್ಬರು ಕೂತು ಸಸ್ಪೆನ್ಷನ್ 4 ಸೆಂ.ಮೀ. ಕುಸಿದರೆ ಎತ್ತರ 26. ಆಗ ಗಾಡಿ ಸುಮಾರು 36 ಡಿಗ್ರಿ ವಾಲಿದಾಗ ತುದಿ ಟಾರಿಗೆ ಉಜ್ಜುತ್ತದೆ, 35 ಮಿ.ಮೀ. ಇಳಿಸಿದ್ದರೆ 32 ಡಿಗ್ರಿಗೇ. 12 ಮೀಟರ್ ತ್ರಿಜ್ಯದ ತಿರುವಿನಲ್ಲಿ ಇದರ ಅರ್ಥ: 33 ಕಿ.ಮೀ. ವೇಗದವರೆಗೆ ಉಜ್ಜದೆ ತಿರುಗುತ್ತಿದ್ದ ಗಾಡಿ ಈಗ 31ಕ್ಕೇ ಉಜ್ಜುತ್ತದೆ. ಎರಡೇ ಕಿ.ಮೀ. ವ್ಯತ್ಯಾಸ ಅನ್ನಿಸಬಹುದು. ಹೆಂಡತಿ ಮಗುವನ್ನು ಹಿಂದೆ ಕೂರಿಸಿಕೊಂಡು ಇಳಿಯುವವನಿಗೆ ಆ ಎರಡು ಕಿ.ಮೀ. ಬೇಕು.

ಮಳೆಗಾಲದಲ್ಲಿ ಯಾರೂ ಅಷ್ಟು ವಾಲಿಸುವುದಿಲ್ಲ. ವರ್ಷಕ್ಕೆ 7,500 ಮಿ.ಮೀ. ಮೀರಿ ಸುರಿಯುವ ಆಗುಂಬೆಯಲ್ಲಿ ಒದ್ದೆ ಟಾರು ಅದಕ್ಕೆ ಬಿಡುವುದೂ ಇಲ್ಲ. ಮಳೆಯಲ್ಲಿ ಕಾಡುವುದು ಹೆದ್ದಾರಿಯಲ್ಲ, ಮನೆಗೆ ಇಳಿಯುವ ಮಣ್ಣಿನ ರಸ್ತೆ. ಜೀಪು, ಪಿಕಪ್ ಓಡಾಡಿ ಬಿದ್ದ ಚಕ್ರದ ಜಾಡು 20 ಸೆಂ.ಮೀ. ಆಳವಿದ್ದರೆ, ಇಬ್ಬರು ಕೂತ ಗಾಡಿಯ ಫುಟ್‌ರೆಸ್ಟ್‌ಗೂ ಜಾಡಿನ ದಂಡೆಗೂ ನಡುವೆ 6 ಸೆಂ.ಮೀ. ಉಳಿಯುತ್ತದೆ, ಇಳಿಸಿದ ಮೇಲೆ ಎರಡೂವರೆ. ಜಂಬಿಟ್ಟಿಗೆ ಕಲ್ಲಿನ ಒಂದು ಮೂಲೆ ಸಾಕು, ಬೂಟಿನ ಸಮೇತ ಪಾದ ಸಿಕ್ಕಿಬೀಳಲು.

ಹಾಗಾಗಿ ನನ್ನ ಲೆಕ್ಕದಲ್ಲಿ ಮೊದಲು ಕೈ ಹಾಕಬೇಕಾದದ್ದು ಸೀಟಿಗೆ. 188 ಸೆಂ.ಮೀ. ಆಳಿನ ಕಾಲಿನ ಒಳ ಅಳತೆ ಸುಮಾರು 88 ಸೆಂ.ಮೀ. 78.5ರ ಸೀಟಿನ ಮೇಲೆ ಅವನಿಗೆ ಹತ್ತಿರ ಹತ್ತಿರ 10 ಸೆಂ.ಮೀ. ಸುಮ್ಮನೆ ಉಳಿದಿದೆ; 3 ಸೆಂ.ಮೀ. ಏರಿಸಿದರೂ ಎರಡೂ ಪಾದ ನೆಲಕ್ಕೆ ಊರುತ್ತವೆ. ಸೀಟು ಏರಿಸಿದರೆ ಫುಟ್‌ರೆಸ್ಟ್ ಇದ್ದಲ್ಲೇ ಇರುತ್ತದೆ, ತಿರುವಿನ ಲೆಕ್ಕ ಕೆಡುವುದಿಲ್ಲ. ಕೆಲವು ಗಾಡಿಗಳಲ್ಲಿ ಇದಕ್ಕೆ ಕಾಸೂ ಬೇಡ: ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450ರ ಸೀಟನ್ನು 825ರಿಂದ 845 ಮಿ.ಮೀ.ಗೆ ಏರಿಸುವ ವ್ಯವಸ್ಥೆ ಗಾಡಿಯಲ್ಲೇ ಇದೆ. ಕೊಂಡ ದಿನ ಷೋರೂಮಿನಲ್ಲಿ ಕೆಳಗಿನ ಮಟ್ಟದಲ್ಲೇ ಕೊಟ್ಟರೆ ಕೇಳಿ ಏರಿಸಿಕೊಳ್ಳಿ.

ಬೇರೆ ಗಾಡಿಗಳಿಗೆ ಕುಶನ್ ಕೆಲಸದವರು ಬೇಕು. 30 × 35 ಸೆಂ.ಮೀ. ಜಾಗಕ್ಕೆ ಮೂರು ಸೆಂ.ಮೀ.ಗಿಂತ ತುಸು ದಪ್ಪದ ಗಟ್ಟಿ ಫೋಮ್ ತೂಗುವುದು ಇನ್ನೂರು ಗ್ರಾಂ ಆಸುಪಾಸು. ಹೊಸ ರೆಕ್ಸಿನ್, ಹೊಲಿಗೆ ಎಲ್ಲ ಸೇರಿ 1,000ದಿಂದ 2,500 ರೂಪಾಯಿಯ ಅಂದಾಜು. ಮೆತ್ತನೆ ಫೋಮ್ ಹಾಕಿಸಿದರೆ ದುಡ್ಡು ದಂಡ; ಕೂತಾಗ ಅರ್ಧಕ್ಕೆ ಕುಸಿದು, ಒಂದು ಮಳೆಗಾಲ ಕಳೆಯುವಷ್ಟರಲ್ಲಿ ನೀರು ಕುಡಿದು ಚಪ್ಪಟೆಯಾಗುತ್ತದೆ. ಹೊಲಿಗೆಯ ಅಡಿಗೆ ಪ್ಲಾಸ್ಟಿಕ್ ಹಾಳೆ ಹಾಕಲು ಹೇಳುವುದನ್ನು ಮರೆಯಬಾರದು.

ಕೂತಾಗಲೂ ಉಳಿಯುವಂತೆ ಸೀಟಿನಲ್ಲಿ 30 ಮಿ.ಮೀ., ಫುಟ್‌ರೆಸ್ಟ್‌ನಲ್ಲಿ 35 ಮಿ.ಮೀ. ಪಡೆದರೆ ಕಾಲಿಗೆ ಒಟ್ಟು 56 ಮಿ.ಮೀ. ಸಿಗುತ್ತದೆ, ಮಂಡಿ 81ರಿಂದ 91 ಡಿಗ್ರಿಗೆ ಬರುತ್ತದೆ. ಖರ್ಚು 3,000ದಿಂದ 6,500, ಗ್ಯಾರೇಜಿನ ಕೂಲಿ ಸೇರಿಸಿ. ಉಳಿದ 2.4 ಸೆಂ.ಮೀ.ಗೆ ಆಸೆಪಡದಿರುವುದೇ ಮೇಲು.

ಒಂದು ಅಪವಾದವಿದೆ. ನಮ್ಮಲ್ಲಿ ಒಂದು ಗಾಡಿಗೆ ಒಬ್ಬನೇ ಸವಾರನಿರುವ ಮನೆ ಕಡಿಮೆ. ಬೆಳಗ್ಗೆ ಡೇರಿಗೆ ಹಾಲಿನ ಕ್ಯಾನ್ ಒಯ್ಯುವ ಅಪ್ಪಯ್ಯ 160 ಸೆಂ.ಮೀ. ಇದ್ದರೆ, ಮಗನಿಗಾಗಿ ಏರಿಸಿದ ಸೀಟು ಅವರ ತುದಿಗಾಲನ್ನು ಕೆಸರಿನಲ್ಲಿ ಜಾರಿಸುತ್ತದೆ. ಅಂಥ ಮನೆಯಲ್ಲಿ ಸೀಟು ಮುಟ್ಟದೆ ಫುಟ್‌ರೆಸ್ಟ್ ಮಾತ್ರ 25 ಮಿ.ಮೀ. ಇಳಿಸುವುದೇ ಸರಿ.

ಸ್ಪ್ಲೆಂಡರ್ ಥರದ ಗಾಡಿಗಳಲ್ಲಿ ಎರಡೂ ಕಡೆಯ ಫುಟ್‌ರೆಸ್ಟ್ ಎಂಜಿನ್ ಅಡಿಗೆ ಬೋಲ್ಟ್ ಮಾಡಿದ ಒಂದೇ ಬಾರ್. ಎಂಜಿನ್‌ಗೂ ಬಾರಿಗೂ ನಡುವೆ ದಪ್ಪ ಪಟ್ಟಿ ಕೊಟ್ಟು ಉದ್ದ ಬೋಲ್ಟ್ ಹಾಕಿ ಇಳಿಸುತ್ತಾರೆ. ಸೈಡ್ ಸ್ಟ್ಯಾಂಡ್ ಇದೇ ಬಾರಿಗೆ ಸೇರಿದ್ದರೆ ಅದೂ ಇಳಿದು, ಗಾಡಿ ನೆಟ್ಟಗೆ ನಿಂತು, ಇಳಿಜಾರಿನ ಅಂಗಳದಲ್ಲಿ ಸ್ಟ್ಯಾಂಡ್ ಇಲ್ಲದ ಕಡೆಗೆ ಮಗುಚುತ್ತದೆ. ಸ್ಟ್ಯಾಂಡ್ ಅನ್ನೂ ಕತ್ತರಿಸಿ ಗಿಡ್ಡ ಮಾಡಿಸಬೇಕು.

ದುಡ್ಡು ಕೊಡುವ ಮುಂಚೆ ಪರೀಕ್ಷೆ ಮನೆಯಲ್ಲೇ ಆಗುತ್ತದೆ. ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಹಾಕಿ, ಎರಡೂ ಪಕ್ಕ ಇಟ್ಟಿಗೆಯ ಮೇಲೆ ಹಲಗೆ ಇಟ್ಟು, ಫುಟ್‌ರೆಸ್ಟ್‌ಗಿಂತ 35 ಮಿ.ಮೀ. ತಗ್ಗಿಸಿ ಕಾಲಿಟ್ಟು ಅರ್ಧ ಗಂಟೆ ಕೂರಿ. ಸೀಟಿನ ಪರೀಕ್ಷೆಗೆ ದಪ್ಪ ಬೈರಾಸ ಮಡಚಿ ಕಟ್ಟಿ ರಿಪ್ಪನ್‌ಪೇಟೆಗೆ ಹೋಗಿಬಂದರೆ ಸಾಕು. ಸಿಗಂದೂರಿನ ದಾರಿಯಾದರೆ ಇನ್ನೂ ಒಳ್ಳೆಯದು. ಮೊದಲು ಹಿನ್ನೀರು ದಾಟಿಸುವ ಲಾಂಚಿಗೆ ಕಾಯುತ್ತ ಕಾಲು ಚಾಚುತ್ತಿದ್ದೆವು. 2025ರ ಜುಲೈಯಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ಸಾಗರದಿಂದ ತುಮರಿ ದಾಟಿ ಕೊಲ್ಲೂರಿನವರೆಗೆ ಇಳಿಯುವ ನೆಪವೇ ಇಲ್ಲ, ಮಂಡಿ ತನ್ನ ಅಭಿಪ್ರಾಯವನ್ನು ಪೂರ್ತಿ ಹೇಳುತ್ತದೆ.

ಫುಟ್‌ರೆಸ್ಟ್ ಇಳಿಸಿದ ಮೇಲೆ ಗೇರ್ ಲಿವರ್ ಹಳೆಯ ಜಾಗದಲ್ಲೇ ಇದ್ದರೆ ಗಂಬೂಟಿನ ಮೂತಿ ಅದರಡಿಗೆ ಹೋಗುವುದಿಲ್ಲ. ಶಾಫ್ಟಿನಲ್ಲಿ 24 ಹಲ್ಲಿದ್ದರೆ ಒಂದು ಹಲ್ಲು ಸರಿಸಿದಾಗ 15 ಡಿಗ್ರಿ, 14 ಸೆಂ.ಮೀ. ಲಿವರ್‌ನ ತುದಿ 36 ಮಿ.ಮೀ. ಇಳಿಯುತ್ತದೆ. ಇಳಿಸಿದ ಫುಟ್‌ರೆಸ್ಟ್‌ಗೆ ಸರಿಯಾದ ಜೋಡಿ. ಬಲಗಾಲಿನ ಬ್ರೇಕ್ ಪೆಡಲನ್ನೂ ಅಷ್ಟೇ ತಗ್ಗಿಸಬೇಕು. ಡ್ರಮ್ ಬ್ರೇಕ್ ಆದರೆ ಪೆಡಲ್‌ನ ಬಿಡುವು 20ರಿಂದ 30 ಮಿ.ಮೀ. ಇರುವಂತೆ ಹಿಂದಿನ ನಟ್ ತಿರುಗಿಸಿ, ಬ್ರೇಕ್ ಲೈಟಿನ ಸ್ವಿಚ್ಚನ್ನೂ ಹೊಂದಿಸಿ.

ಕಾನೂನಿನ ಅಂಕಿಯೂ ಗೊತ್ತಿರಲಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ಆರ್‌ಸಿಯಲ್ಲಿ ನಮೂದಾದ ಕಂಪನಿಯ ವಿವರಕ್ಕೆ ವ್ಯತ್ಯಾಸ ಬರುವಂತೆ ಗಾಡಿ ಬದಲಿಸುವುದನ್ನು ತಡೆಯುತ್ತದೆ. 2019ರ ತಿದ್ದುಪಡಿಯಂತೆ ಮಾಲೀಕರಿಗೆ ಬದಲಾವಣೆಯೊಂದಕ್ಕೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಚಾಸಿ ಕತ್ತರಿಸದೆ, ಬಿಚ್ಚಿ ಮೊದಲಿನಂತೆ ಮಾಡಬಹುದಾದ ಬೋಲ್ಟ್ ಬ್ರ್ಯಾಕೆಟ್‌ಗೇ ಅಂಟಿಕೊಳ್ಳಲು ಇದೂ ಒಂದು ಕಾರಣ. ಸಂಶಯವಿದ್ದರೆ ಗಾಡಿಯ ನಂಬರು ಕೆಎ-15 ಆದವರು ಸಾಗರದ, ಕೆಎ-14 ಆದವರು ಶಿವಮೊಗ್ಗದ ಆರ್‌ಟಿಒ ಕಚೇರಿಯಲ್ಲಿ ಕೆಲಸಕ್ಕೆ ಮೊದಲೇ ಕೇಳಿಕೊಳ್ಳಿ. ಬಿಚ್ಚಿದ ಹಳೆಯ ಬೋಲ್ಟುಗಳನ್ನು ಗ್ಯಾರೇಜಿನಲ್ಲಿ ಬಿಟ್ಟುಬರಬೇಡಿ.