ವಿದ್ಯಾರ್ಥಿಗಳೂ ಪರಿಚಯ ಸಂಪಾದನೆಯೂ

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ಹಳ್ಳಿಗಳಿಂದ ಪ್ರತಿವರ್ಷವೂ ಅನೇಕ ತರುಣ ತರುಣಿಯರು ಕಾಲೇಜು ವಿದ್ಯೆಗಾಗಿ ಹಾವೇರಿಗೂ ಹುಬ್ಬಳ್ಳಿ ಧಾರವಾಡಗಳಿಗೂ ಹೋಗುತ್ತಾರೆ. ಹೊಲದ ಹುಟ್ಟುವಳಿಯಲ್ಲಿ ಉಳಿಸಿದ ಹಣದಿಂದಲೋ, ಸಾಲದಿಂದಲೋ ಅವರ ಫೀ ಸಲ್ಲುತ್ತದೆ. ಪದವಿಯೇನೋ ಕೈಗೆ ಬರುತ್ತದೆ. ಆದರೆ ಆಗ ಮನೆಯ ಹಿರಿಯರಿಂದ ಕೇಳಿಬರುವ ಮಾತು ಒಂದೇ: "ನಮಗೆ ವಶೀಲಿ ಇಲ್ಲ, ನಮ್ಮ ಮಕ್ಕಳನ್ನು ಕೇಳುವವರು ಯಾರು?"

ಈ ಮಾತಿನಲ್ಲಿ ನೋವುಂಟು, ಸ್ವಲ್ಪ ಸತ್ಯವೂ ಉಂಟು. ಆದರೆ ವಶೀಲಿಯೆಂಬುದು ಬೇರೆ, ಪರಿಚಯವೆಂಬುದು ಬೇರೆ. ಯೋಗ್ಯತೆಯನ್ನು ಬದಿಗಿರಿಸಿ ಪಡೆಯುವ ಉಪಕಾರವೇ ವಶೀಲಿ. ಇದ್ದ ಯೋಗ್ಯತೆಯು ಬಲ್ಲವರ ಕಣ್ಣಿಗೆ ಬೀಳುವ ದಾರಿಯೇ ಪರಿಚಯ. ಮೊದಲನೆಯದನ್ನು ಬೇಡಬೇಕು, ಎರಡನೆಯದನ್ನು ದುಡಿದು ಸಂಪಾದಿಸಬೇಕು.

ನಿದರ್ಶನಕ್ಕಾಗಿ ನಾವು ದೂರ ಹೋಗಬೇಕಾಗಿಲ್ಲ. 1909ರಲ್ಲಿ ಸವಣೂರಿನಲ್ಲಿ ಜನಿಸಿದ ವಿನಾಯಕ ಕೃಷ್ಣ ಗೋಕಾಕರು ಧಾರವಾಡದ ಕರ್ನಾಟಕ ಕಾಲೇಜಿನ ವಿದ್ಯಾರ್ಥಿಗಳಾಗಿದ್ದಾಗ ದ. ರಾ. ಬೇಂದ್ರೆಯವರ ಸಹವಾಸಕ್ಕೆ ಬಂದರು. ಬೇಂದ್ರೆಯವರು ಅವರಿಗಿಂತ ಹದಿಮೂರು ವರ್ಷ ಹಿರಿಯರು. ಅವರ ಸುತ್ತ 'ಗೆಳೆಯರ ಗುಂಪು' ಎಂಬ ಮಂಡಲಿ ಕೂಡಿತ್ತು. ಶಂ. ಬಾ. ಜೋಶಿ, ಬೆಟಗೇರಿ ಕೃಷ್ಣಶರ್ಮ, ರಂ. ಶ್ರೀ. ಮುಗಳಿ ಮೊದಲಾದವರು ಅದರಲ್ಲಿದ್ದರು. ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದ ಗೋಕಾಕರು ಕನ್ನಡಕ್ಕೆ ತಿರುಗಲು ಈ ಒಡನಾಟವೇ ಮುಖ್ಯ ಕಾರಣವೆನ್ನಲಡ್ಡಿಯಿಲ್ಲ. ಮುಂದೆ ಅವರು ಆಕ್ಸ್‌ಫರ್ಡಿಗೆ ಹೋಗಿ ಬಂದರು, ಪ್ರಾಚಾರ್ಯರಾದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದರು. ಬೇಂದ್ರೆಯವರಿಗೆ 1973ರಲ್ಲಿ ದೊರೆತ ಜ್ಞಾನಪೀಠ ಪ್ರಶಸ್ತಿಯು 1990ರಲ್ಲಿ ಗೋಕಾಕರಿಗೂ ದೊರೆಯಿತು.

ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ನೌಕರಿ ಕೊಡಿಸುವ ಶಕ್ತಿ ಬೇಂದ್ರೆಯವರಿಗೆಲ್ಲಿತ್ತು? 'ನರಬಲಿ'ಯೆಂಬ ಕವಿತೆಗಾಗಿ ಸೆರೆವಾಸ ಅನುಭವಿಸಿ, ತಾವೇ ಉದ್ಯೋಗವಿಲ್ಲದೆ ವರ್ಷಗಳನ್ನು ಕಳೆದವರು ಅವರು. ತರುಣ ಗೋಕಾಕರಿಗೆ ಅವರಿಂದ ದೊರೆತದ್ದು ಶಿಫಾರಸು ಪತ್ರವಲ್ಲ, ತಮ್ಮ ಶಕ್ತಿ ಯಾವುದರಲ್ಲಿದೆಯೆಂಬ ತಿಳಿವು. ಆದುದರಿಂದ ಅಧಿಕಾರವಿದ್ದವರನ್ನು ಮಾತ್ರ ಹುಡುಕಿಕೊಂಡು ಹೋಗುವ ವಿದ್ಯಾರ್ಥಿಯು ಅರ್ಧ ಲಾಭವನ್ನು ಬಿಟ್ಟುಕೊಟ್ಟಂತೆಯೇ ಸರಿ.

ಹಾಗಾದರೆ ಇಂದಿನ ವಿದ್ಯಾರ್ಥಿ ಮಾಡತಕ್ಕದ್ದೇನು? ಮೊದಲನೆಯದಾಗಿ, ಸಹಪಾಠಿಗಳನ್ನು ಕಡೆಗಣಿಸಬಾರದು. ಇಂದು ಒಂದೇ ಬೆಂಚಿನಲ್ಲಿ ಕುಳಿತವರು ಹತ್ತು ವರ್ಷಗಳಲ್ಲಿ ಹತ್ತು ಉದ್ಯೋಗಗಳಲ್ಲಿರುತ್ತಾರೆ. ಕಾಲೇಜಿನ ಸಭೆಗೆ ಕುರ್ಚಿ ಹಾಕುವುದರಲ್ಲಿಯೂ ವರದಿ ಬರೆಯುವುದರಲ್ಲಿಯೂ ಹೆಗಲು ಕೊಟ್ಟವನನ್ನು ಅವರು ಮರೆಯಲಾರರು.

ಎರಡನೆಯದಾಗಿ, ತಾನು ಕಲಿಯುವ ವಿಷಯದಲ್ಲಿ ಕೆಲಸ ಮಾಡುತ್ತಿರುವವರನ್ನು ಕಾಣಬೇಕು. ಶಿಗ್ಗಾಂವಿ ತಾಲೂಕಿನ ಗೊಟಗೋಡಿಯಲ್ಲಿ 2011ರಲ್ಲಿ ಸ್ಥಾಪಿತವಾದ ಜಾನಪದ ವಿಶ್ವವಿದ್ಯಾಲಯದ ವಿದ್ಯಾರ್ಥಿಗೆ ಪಕ್ಕದ ಹಳ್ಳಿಯ ಹಾಡುಗಾರ್ತಿಯೂ ಗುರುವೇ. ವಾಣಿಜ್ಯ ಓದುವವನಿಗೆ ಅಡತಿ ಅಂಗಡಿಯ ಲೆಕ್ಕ ಬರೆಯುವವರೂ, ಕೃಷಿ ಓದುವವಳಿಗೆ ಹೊಸ ಬೀಜ ಬಿತ್ತಿ ನೋಡುವ ರೈತರೂ ಹಾಗೆಯೇ.

ಮೂರನೆಯದಾಗಿ, ಅಪರಿಚಿತ ಹಿರಿಯರಿಗೆ ಬರೆಯುವ ರೀತಿಯನ್ನು ಕಲಿಯಬೇಕು. ಅಂಚೆಯಾಗಲಿ ಮೊಬೈಲಾಗಲಿ, ನಿಯಮ ಒಂದೇ. ತಾನು ಯಾರು, ಅವರ ಯಾವ ಕೆಲಸ ಕಂಡು ಬರೆಯುತ್ತಿರುವೆ, ಕೇಳಬೇಕಾದ ಒಂದೇ ಪ್ರಶ್ನೆ ಯಾವುದು, ಇಷ್ಟು ಸಾಕು. ಮೊದಲ ಪತ್ರದಲ್ಲಿಯೇ ನೌಕರಿ ಬೇಡಬಾರದು. ಅವರ ಸಲಹೆಯಂತೆ ನಡೆದಾದ ಮೇಲೆ ಫಲವೇನಾಯಿತೆಂದು ಮತ್ತೆ ತಿಳಿಸಬೇಕು. ಬಹುಜನರು ಮರೆಯುವುದು ಇದನ್ನೇ. ಪರಿಚಯವು ಬೇರೂರುವುದೂ ಇದರಿಂದಲೇ.

ಮನೆಯವರಿಗೂ ಎರಡು ಮಾತು ಹೇಳಬೇಕಾಗಿದೆ. ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ಊರವರು ಯುಗಾದಿಗೆ ಬಂದಾಗ ತಂದೆಯೇ ಮುಂದಾಗಿ, "ನಮ್ಮ ಹುಡುಗನಿಗೊಂದು ಕೆಲಸ ನೋಡ್ರಿ" ಎಂದು ಕೈಮುಗಿಯುವುದುಂಟು. ಮಗನು ತಲೆ ತಗ್ಗಿಸಿ ಹಿಂದೆ ನಿಂತಿರುತ್ತಾನೆ. ಅದರ ಬದಲು ಮಗನೇ ಹೋಗಿ, ಆ ಉದ್ಯೋಗಕ್ಕೆ ಏನು ಕಲಿಯಬೇಕೆಂದು ಕೇಳಲಿ. ಮಗಳಿಗೂ ಅದೇ ಅವಕಾಶವಿರಲಿ. ಅಧ್ಯಾಪಕರ ತಿಳಿವಳಿಕೆಯಿಂದ ಕಾಲೇಜಿನಲ್ಲಿಯೋ ಕಚೇರಿಯಲ್ಲಿಯೋ ಹಿರಿಯರೊಡನೆ ಮಾತಾಡುವುದು ಅವಳ ವಿದ್ಯೆಯ ಒಂದು ಭಾಗವೇ ಆಗಿದೆ. ಆ ಬಾಗಿಲನ್ನು ಮುಚ್ಚಿ ಕೇವಲ ಪುಸ್ತಕ ಕೊಡಿಸಿದರೆ ತೆತ್ತ ಫೀಯ ಅರ್ಧ ಫಲ ನಷ್ಟವಾದಂತೆ.

ಸರಕಾರಿ ಹುದ್ದೆ ಕೊಡಿಸುವೆನೆಂದು ಹಣ ಕೇಳುವವನ ಪರಿಚಯವಂತೂ ಬೇಡವೇ ಬೇಡ. ಪರೀಕ್ಷೆಯಿಂದ ತುಂಬತಕ್ಕ ಹುದ್ದೆಗೆ ಹಣ ಕೊಡುವುದು ಅಪರಾಧ. ಅದಕ್ಕಾಗಿ ಹೊಲ ಮಾರಿದ ಮನೆಗೆ ಉಳಿಯುವುದು ಸಾಲವೊಂದೇ.

ಪರಿಚಯವು ಅಡಿಕೆಯ ತೋಟದಂತೆ: ನೆಟ್ಟ ವರ್ಷವೇ ಫಲ ಕೊಡದು. ಪದವಿ ಬಂದ ಮೇಲೆ ನೆಡಲು ಹೊರಡುವವರಿಗಿಂತ, ಓದುತ್ತಿರುವಾಗಲೇ ನೆಟ್ಟು ನೀರೆರೆದವರಿಗೆ ಬೇಗನೆ ಕೈಗೂಡುವುದು.